ಎರಡು ಎಡ ತೋಳು

ಗಂಡನನ್ನು ಕಳೆದುಕೊಂಡವಳನ್ನು ನೋಡಿ ಅಯ್ಯೋ ಅನ್ನಿಸುವುದು ಲೋಕರೂಢಿ. ನಮ್ಮ ಚಿಕ್ಕಮ್ಮನಿಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಅದೂ ಸ್ವಂತ ಓರಗಿತ್ತಿಯ ಮೇಲೆ, ನಮ್ಮ ದೊಡ್ಡಪ್ಪ ತೀರಿಕೊಂಡ ತಿಂಗಳಲ್ಲೇ. ಕೇಳಿದವರು ಛೀ ಅಂದಾರು. ಅನ್ನಲಿ, ನಾನಂತೂ ಅನ್ನುವುದಿಲ್ಲ.

ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಹೊಲಿಗೆ ಅಂಗಡಿ. ಒಳಕೋಣೆಯಲ್ಲಿ ಬಟ್ಟೆ ಕತ್ತರಿಸುವುದು ಚಿಕ್ಕಮ್ಮ, ಹೊರಗೆ ಮಿಷನ್ ತುಳಿಯುವುದು ದೊಡ್ಡಮ್ಮ, ಗುಂಡಿ ಹಚ್ಚುವುದು ನಾನು. ಚಿಕ್ಕಮ್ಮನ ಕತ್ತರಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ಚಿಕ್ಕಪ್ಪ ಅದರಲ್ಲಿ ಕಾಗದ ಕತ್ತರಿಸಿದ್ದಕ್ಕೆ ವಾರವಿಡೀ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಗಿರಾಕಿಗಳು ಅವಳನ್ನು ಕತ್ತರಿಯಮ್ಮ ಅನ್ನುತ್ತಿದ್ದರು. ಆ ಹೆಸರು ಅವಳ ನಾಲಿಗೆಗೂ ಸಲ್ಲುತ್ತಿತ್ತು.

ದೊಡ್ಡಪ್ಪ ಹೋಗುವ ಸ್ವಲ್ಪ ಮೊದಲು ಅವಳ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ನೋಡಿ, ಇದು ವಾಸಿಯಾಗುವ ನಡುಕವಲ್ಲ, ಇನ್ನು ಕತ್ತರಿ ಕೆಳಗಿಡಿ ಎಂದರು. ಚಿಕ್ಕಪ್ಪ, "ಹೋಗ್ಲಿ ಬಿಡೇ, ಇಷ್ಟು ದಿನ ದುಡಿದಿದ್ದು ಸಾಕು. ಹಾಯಾಗಿ ಕೂತ್ಕೋ," ಅಂದರು. ಹಾಯಾಗಿ! ಕೇಳಿ ನನಗೇ ಮೈ ಉರಿಯಿತು, ಇನ್ನು ಅವಳಿಗೆ ಉರಿಯದಿರುತ್ತದೆಯೇ? ಅವಳು ಕೆಳಗಿಡಲಿಲ್ಲ. ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿ ಹಿಡಿದು ಕತ್ತರಿಸುತ್ತಲೇ ಇದ್ದಳು. ದೊಡ್ಡಮ್ಮನಿಗೆ ತಿಳಿಸಬಾರದೆಂದು ನನ್ನ ಬಾಯಿಗೂ ಬೀಗ ಹಾಕಿದಳು.

ಇತ್ತ ದೊಡ್ಡಮ್ಮ ಖಾಲಿ ಮನೆಯಲ್ಲಿರಲಾರದೆ ಬೇಗನೆ ಅಂಗಡಿಗೆ ಬಂದು ಕೂತಳು. ಮಾತಾಡಿಸುವವರೂ ಅಲ್ಲಿಗೇ ಬರತೊಡಗಿದರು. ಹಣ್ಣು ತರುವವರು, ಕೈ ಹಿಡಿದು ಕೂರುವವರು, "ಹೇಗಾಯ್ತು? ಮೊದಲಿಂದ ಹೇಳಿ," ಎನ್ನುವವರು. ದೊಡ್ಡಮ್ಮ ಪ್ರತಿಸಲವೂ ಮೊದಲಿಂದ ಹೇಳುವಳು. ಚಿಕ್ಕಮ್ಮನ ಕಿವಿಯೆಲ್ಲ ಬಾಗಿಲ ಕಡೆಗೇ.

"ನೋಡೇ, ಇನ್ನೊಬ್ರು ಬಂದ್ರು," ಎಂದು ನನ್ನ ಹತ್ತಿರ ಗೊಣಗುವಳು. "ಬದುಕಿದ್ದಾಗ ಗಂಡನ ಜೊತೆ ದಿನಾ ಜಗಳ. ಈಗ ದ್ರಾಕ್ಷಿ ಬೇರೆ!"

ಅದು ದ್ರಾಕ್ಷಿಯ ಆಸೆಯಲ್ಲ. ಕೊಟ್ಟರೆ ಮೂಸಿಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹೆಡ್‌ಮಾಸ್ತರರ ಕೋಟಿನ ಬಟ್ಟೆ ಮೇಜಿನ ಮೇಲಿತ್ತು. ಮೇಲ್ಮೈ ಒಂದು ಬಣ್ಣ, ಹಿಂಬದಿ ಇನ್ನೊಂದು. ಅಂಥ ಬಟ್ಟೆಯಲ್ಲಿ ಒಂದು ತೋಳು ಕತ್ತರಿಸಿದ ಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿ ಇನ್ನೊಂದನ್ನು ಕತ್ತರಿಸಬೇಕು. ಹೊರಗೆ ಔಷಧಿ ಅಂಗಡಿಯವನ ಹೆಂಡತಿ, "ನಿಮ್ಮಷ್ಟು ಕಳ್ಕೊಂಡೋರು ಯಾರಿದಾರೆ ಹೇಳಿ," ಎಂದು ದೊಡ್ಡಮ್ಮನ ಜೊತೆ ತಾನೂ ಅಳುತ್ತಿದ್ದಳು. ಚಿಕ್ಕಮ್ಮ ಹಲ್ಲು ಕಚ್ಚಿಕೊಂಡು ಕತ್ತರಿಸಿದಳು. ಕಾಗದ ಮಗುಚಲಿಲ್ಲ. ಎರಡೂ ಎಡ ತೋಳಾದವು, ಬಟ್ಟೆಯೂ ಮುಗಿದಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೈಗುಳ ನನಗೆ ಬಿತ್ತು. "ತಿರುಗಿಸು ಅಂತ ನೆನಪು ಮಾಡೋಕೂ ಬಾಯಿ ಬರಲ್ವಾ ನಿಂಗೆ?"

ಬಂದವಳನ್ನು ಕಳಿಸಿ ದೊಡ್ಡಮ್ಮ ಒಳಗೆ ಬಂದಳು. ತೋಳುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ ನಕ್ಕುಬಿಟ್ಟಳು. ಗಂಡ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ಏನೇ ಇದು, ಹೆಡ್‌ಮಾಸ್ತರ್ರಿಗೆ ಎರಡೂ ಎಡಗೈಯಾ?"

"ನಗು ಅಕ್ಕ, ನಗು!" ಚಿಕ್ಕಮ್ಮ ಸಿಡಿದಳು. "ನಿಂಗೇನು? ನಿಂಗಾದ್ರೂ ಒಬ್ರು ಸತ್ತಿದಾರೆ! ಊರೇ ಬಂದು ಕೂರುತ್ತೆ. ಇಲ್ಲಿ ನನ್ನ ಕೈ ಹೋಯ್ತು, ಯಾರು ಬಂದ್ರು? ಹಾಯಾಗಿ ಕೂತ್ಕೋ ಅಂದ್ರು!"

ಎತ್ತಿ ತೋರಿಸಿದ ಕೈ ಗಾಳಿಯಲ್ಲಿ ನಡುಗುತ್ತಿತ್ತು. ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ಸರಸರನೆ ಹೊರಗೆ ಹೋದಳು. ಚಿಕ್ಕಮ್ಮ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಬ್ಬರೂ ಇನ್ನು ಮುಖ ನೋಡುವುದಿಲ್ಲವೆಂದೇ ನಾನು ಅಂದುಕೊಂಡೆ.

ದೊಡ್ಡಮ್ಮ ತಿರುಗಿ ಬಂದಳು. ಒಂದು ಕೈಯಲ್ಲಿ ಬಂದವರು ಕೂರುವ ಕುರ್ಚಿ, ಇನ್ನೊಂದರಲ್ಲಿ ದ್ರಾಕ್ಷಿಯ ಬಟ್ಟಲು. ಚಿಕ್ಕಮ್ಮನ ಎದುರು ಕೂತು ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ಹೇಗಾಯ್ತು? ಮೊದಲಿಂದ ಹೇಳು."

ಚಿಕ್ಕಮ್ಮ ಮೊದಲಿಂದ ಹೇಳಿದಳು. ಸೀಮೆಸುಣ್ಣದ ಗೆರೆ ಸೊಟ್ಟಗೆ ಬಂದಾಗ ಸುಣ್ಣವನ್ನೇ ಬೈದು ಬಿಸಾಡಿದ್ದು, ಊಟದ ತಟ್ಟೆಯ ಮುಂದೆ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟಿದ್ದು, ಎಲ್ಲ. ನಡುವೆ ಅತ್ತಳು. ದೊಡ್ಡಮ್ಮ ಹೋಗ್ಲಿ ಬಿಡು ಅನ್ನಲಿಲ್ಲ.

ಹೆಡ್‌ಮಾಸ್ತರರಿಗೆ ತೋಳಿಲ್ಲದ ಕೋಟೇ ಗತಿಯಾಯಿತು. ಕತ್ತರಿ ನನ್ನ ಮಡಿಲಿಗೆ ಬಿತ್ತು. "ಕಾಗದಕ್ಕೆ ಮುಟ್ಟಿಸಿದ್ಯೋ, ಬೆರಳು ಮುರೀತೀನಿ," ಎಂದು ಚಿಕ್ಕಮ್ಮ ಕೊಟ್ಟಳು. ನಾನು ಕತ್ತರಿಸುವಾಗ ಈಗಲೂ ಪಕ್ಕದಲ್ಲೇ ನಿಂತು ಉರಿಯುತ್ತಾಳೆ.

ಆ ತೋಳಿನ ರಂಪದ ಮರುದಿನ ಬಡಗಿಯ ಹೆಂಡತಿ ಮಾತಾಡಿಸಲು ಬಂದಳು. ದೊಡ್ಡಮ್ಮ, "ಒಳಗೆ ನಮ್ಮ ಚಿಕ್ಕೋಳನ್ನೂ ಮಾತಾಡಿಸಿ. ಅವಳಿಗೂ ಹೋಗಿದೆ," ಎಂದಳು.

"ಅಯ್ಯೋ, ಯಾರು ಹೋದ್ರು?"

"ಕೈ."

ಅವಳು ಕಣ್ಣುಕಣ್ಣು ಬಿಡುತ್ತ ಒಳಗೆ ಹೋದಳು. ಇಟ್ಟ ಚಹಾ ಆರಿ ಕೆನೆಗಟ್ಟಿದರೂ ಹೊರಗೆ ಬರಲಿಲ್ಲ. ಚಿಕ್ಕಮ್ಮನ ಕತೆ ಇನ್ನೂ ಸೀಮೆಸುಣ್ಣದ ಹತ್ತಿರವೇ ಇತ್ತು. ದೊಡ್ಡಮ್ಮ ಮಿಷನ್ ನಿಲ್ಲಿಸಿದಳು, ಬಾಗಿಲು ನೋಡಿದಳು, ಮೂತಿ ಉಬ್ಬಿಸಿ ನನ್ನತ್ತ ತಿರುಗಿದಳು.

"ಏನೇ ಇದು? ನಮ್ಮೆಜಮಾನ್ರಿಗೂ ಯಾರೂ ಇಷ್ಟು ಹೊತ್ತು ಕೂತಿರಲಿಲ್ಲ!"