ಏಳನೇ ಕುಣಿ ಮತ್ತು ಮಾಬುಬಿಯ ದಾರಿ

ಮೂರು ವರ್ಷದ ಹಿಂದಿನ ದಸರಾ ರಜೆ. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಗದಗಿನಿಂದ ಫೋನ್ ಬಂತು. ಮುಂಡರಗಿ ರಸ್ತೆಯ ಹಳೇ ಗಾಲ್ಫ್ ಮೈದಾನವನ್ನು ಹೊಸದಾಗಿ ರೂಪಿಸಲು ಚೆನ್ನೈಯಿಂದ ಒಬ್ಬ ಮೇಡಂ ಬಂದಿದ್ದಾರೆ, ಅವರಿಗೆ ಕನ್ನಡ ಬಾರದು, ಹಳ್ಳಿಯವರೊಡನೆ ಮಾತಾಡಲು ನೀವು ಬೇಕು ಎಂದರು ಕ್ಲಬ್ಬಿನ ಕಾರ್ಯದರ್ಶಿ. ಗಾಲ್ಫ್ ಎಂದರೆ ಟಿ.ವಿ.ಯಲ್ಲಿ ಬಂದೊಡನೆ ನಾನು ಚಾನೆಲ್ ಬದಲಿಸುವ ಆಟ. ಆದರೂ ಇಂಗ್ಲಿಷ್ ಬರುತ್ತದಲ್ಲ ಎಂಬ ಜಂಬದಲ್ಲಿ ಹೂಂ ಅಂದೆ.

ಮೇಡಂ ಜೀಪಿನಲ್ಲೇ ನನಗೆ ಪಾಠ ಮಾಡಿದರು. ಆ ಮೈದಾನ ಮಾಡಿದ್ದು ಬ್ರಿಟಿಷರ ಕಾಲದ ರೈಲ್ವೆ ಅಧಿಕಾರಿಗಳು. ಹುಲ್ಲು ಹಿಡಿಯದ ನೆಲ, ಅದಕ್ಕೇ ಮರಳಿಗೆ ಎಣ್ಣೆ ಬೆರೆಸಿ ನಯ ಮಾಡಿ ಅದರ ಮೇಲೆ ಚೆಂಡು ಉರುಳಿಸುತ್ತಿದ್ದರಂತೆ. ದಿನ್ನೆ, ಹಳ್ಳ, ಜಾಲಿ ಗಿಡ ಎಲ್ಲ ಇದ್ದಂತೆಯೇ ಇದ್ದವು. ಮುಂದೆ ದೊಡ್ಡ ಪಂದ್ಯಾವಳಿಗಳಿಗೆಂದು ಯಾರೋ ಎಲ್ಲವನ್ನೂ ಸಪಾಟು ಮಾಡಿಸಿದರು. ಆಟದ ರುಚಿ ಹೋಯಿತು, ಆಟಗಾರರೂ ಹೋದರು. ಹಳೇ ಉಬ್ಬುತಗ್ಗುಗಳನ್ನು ಮರಳಿ ತರುವುದು ಮೇಡಂ ಕನಸು. ಸುತ್ತ ತಂತಿಬೇಲಿ ಹಾಕಿಸುವುದು ಕಾರ್ಯದರ್ಶಿಯ ಕನಸು.

ಆ ಬೇಲಿಯೇ ತಕರಾರು. ಹಳ್ಳಿಯ ಮಾಬುಬಿ ಎಂಬ ಹಿರಿಯರು ದಿನಾ ಮೈದಾನದ ಕಾಲುದಾರಿಯಲ್ಲೇ ಹಾಲಿನ ಕ್ಯಾನ್ ಹಿಡಿದು ಹೋಗಿ ಮುಂಡರಗಿಯ ಬಸ್ ಹಿಡಿಯುತ್ತಿದ್ದರು. ಅವರ ಸಂಸಾರ ನಡೆಯುತ್ತಿದ್ದದ್ದೇ ಹಾಲಿನಿಂದ. ಮೊಣಕಾಲು ನೋವಿನಲ್ಲಿ ಬೇಲಿ ಸುತ್ತಿ ಹೋಗುವಷ್ಟರಲ್ಲಿ ಬಸ್ ತಪ್ಪುವುದು ಖಂಡಿತ.

ಆ ಹಳ್ಳಿಯ ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಚೆಂಡು ಬೀಳುವ 'ಹೋಲ್'ಗೆ ಪುಸ್ತಕದ ಪದ ಬೇಡ, ನಮ್ಮ ಮಂದಿಯ ಮಾತಿನಲ್ಲೇ ಹೇಳೋಣವೆಂದು ಶುರು ಮಾಡಿದೆ: "ಇಲ್ಲಿ ಹದಿನೆಂಟು ಕುಣಿ ತೋಡ್ತಾರ್ರೀ. ಏಳನೇದ್ದು ಮಾಬುಬಿಯವರ ದಾರಿ ಮ್ಯಾಲ ಬರತೈತಿ."

ಮಂದಿ ಮುಖ ಮುಖ ನೋಡಿಕೊಂಡರು. ಹೆಣ ಹೂಳುವ ತಗ್ಗಿಗೂ ನಮ್ಮಲ್ಲಿ ಕುಣಿ ಎಂದೇ ಅನ್ನುತ್ತಾರೆ ಎಂಬುದು ಆಗ ಹೊಳೆಯಿತು. ಮಾಬುಬಿ ಎದ್ದು ನಿಂತರು.

"ನಾ ಇನ್ನೂ ಗಟ್ಟಿ ಅದೀನ್ರೀ ಟೀಚರ. ಈಗ ಯಾಕ ಕುಣಿ?"

ಇಡೀ ಜಗಲಿ ಹೋ ಎಂದು ನಕ್ಕಿತು. ನಾನು ಬೆವೆತು, "ಹಂಗಲ್ಲ ಖಾಲಾ, ಚೆಂಡು ಬೀಳೂ ಸಣ್ಣ ತಗ್ಗು" ಎಂದು ತೊದಲಿದೆ. ಅವರು ಮಾತ್ರ ನಗಲಿಲ್ಲ.

"ತಗ್ಗರ ಅನ್ರಿ, ಕುಣಿಯರ ಅನ್ರಿ. ದಾರಿ ಮುಚ್ಚಿದ್ರ ನನಗ ಅದು ಕುಣಿನ."

ಏನಂದರು ಎಂದು ಮೇಡಂ ನನ್ನ ಮುಖ ನೋಡಿದರು. ಕಾರ್ಯದರ್ಶಿ ಕಿವಿಯ ಹತ್ತಿರ ಬಂದು, "ಒಪ್ಪಿದ್ರು ಅಂತ ಹೇಳಿಬಿಡ್ರಿ, ಮುಗೀತು" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮಾಬುಬಿ ಆಡಿದ್ದನ್ನು ಆಡಿದಂತೆಯೇ, ನನ್ನ ಎಡವಟ್ಟನ್ನೂ ಸೇರಿಸಿ, ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ನಾಳೆ ನಾನೂ ಇವರ ಜೊತೆ ನಡೆಯುತ್ತೇನೆ ಎಂದರು ಮೇಡಂ.

ಮರುದಿನ ಬೆಳಿಗ್ಗೆ ಇಬ್ಬರೂ ಮುಂದೆ, ನಾನು ಹಿಂದೆ. ಅರ್ಧ ದಾರಿಗೆ ಕ್ಯಾನ್ ಮೇಡಂ ಕೈಗೆ ಬಂದಿತ್ತು. ಬಸ್ ನಿಲ್ದಾಣದಲ್ಲಿ ಮೇಡಂ ಹೇಳಿದ್ದಿಷ್ಟು: ಸ್ಕಾಟ್ಲೆಂಡಿನಲ್ಲಿ ಬಹಳ ಹಳೆಯ, ಬಹಳ ದೊಡ್ಡ ಹೆಸರಿನ ಮೈದಾನದ ನಡುವೆಯೇ ಊರವರ ದಾರಿಯಿದೆ, ಜನ ದಾಟುವವರೆಗೆ ಆಟಗಾರರು ಕಾಯುತ್ತಾರೆ. ಇಲ್ಲೂ ಹಾಗೇ ಆಗಲಿ. ದಾರಿಯಲ್ಲಿ ಬರುವವರು ಆಟಗಾರರಿಗೆ ದೂರದಿಂದಲೇ ಕಾಣುವಂತೆ ಏಳನೆಯದರತ್ತ ಚೆಂಡು ಹೊಡೆಯುವ ದಿಕ್ಕನ್ನು ತಿರುಗಿಸುತ್ತೇನೆ, ಬೇಲಿ ಬೇಡ.

ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಮಾಬುಬಿ ಮೇಡಂ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಸ್ ಹತ್ತುತ್ತ ನನಗೆ, "ಈಕಿ ಖರೆ ಮನಶ್ಯಾಳ್ರೀ, ಟೀಚರ" ಎಂದರು.

ಕಳೆದ ವರ್ಷ ಅಲ್ಲಿ ಮತ್ತೆ ಪಂದ್ಯಾವಳಿ ನಡೆಯಿತು. ನನಗೂ ಆಮಂತ್ರಣವಿತ್ತು. ಬೇಲಿ ಎಲ್ಲೂ ಇರಲಿಲ್ಲ. ಏಳನೆಯದರಲ್ಲಿ ಆಟಗಾರನೊಬ್ಬ ಕೋಲೆತ್ತಿದವನು ಹಾಗೇ ಇಳಿಸಿದ. ಎದುರಿಗೆ ಮಾಬುಬಿ ಬರುತ್ತಿದ್ದರು. ಹಿಂದಿದ್ದವರು ಗೊಣಗಿದರೆ ಅದೇ ಕಾರ್ಯದರ್ಶಿ, "ತಡೀರಿ, ದಾಟ್ಲಿ" ಎಂದರು. ಮಾಬುಬಿ ಅವಸರ ಮಾಡಲಿಲ್ಲ. ತಮ್ಮ ಮನೆಯಂಗಳದಲ್ಲಿ ನಡೆಯುವಂತೆ ನಿಧಾನವಾಗಿ ದಾಟಿದರು.

ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಅದು ನನ್ನ ಬಾಯಿಂದ ಒಬ್ಬರ ಕೆಲಸಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಅಂದೇ.