ಪೀರಪ್ಪ ಮಿಸ್ತ್ರಿ ಮತ್ತು ಹಿರೋಳ್ಳಿಯ ಹತ್ತು ಸೀಟಿನ ಗಾಡಿ

ಶಿವರಾಯ ಮಾಸ್ತರರು ಪೀರಪ್ಪನನ್ನು ಮೊಟ್ಟಮೊದಲು ಕಂಡದ್ದು ೧೯೭೮ರ ಬೇಸಿಗೆಯಲ್ಲಿ, ಅವನು ಏಟು ತಿನ್ನುತ್ತಿದ್ದಾಗ. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಶರಫುದ್ದೀನ ಉಸ್ತಾದರ ಗ್ಯಾರೇಜಿತ್ತು. ನರೋಣಾ ಶಾಲೆಗೆ ಹೊಸದಾಗಿ ವರ್ಗವಾಗಿ ಬಂದಿದ್ದ ಮಾಸ್ತರರು ಅಲ್ಲಿ ಜೀಪಿಗಾಗಿ ಕಾಯುತ್ತ ನಿಂತಿದ್ದರು. ಉಸ್ತಾದರು ಹರಿದ ಫ್ಯಾನ್ ಬೆಲ್ಟನ್ನು ಎರಡು ಮಡಿಕೆ ಮಾಡಿ, ಮದುವೆಯಾದ ಇಪ್ಪತ್ತೆರಡು ವರ್ಷದ ಗಂಡಸಿನ ಬೆನ್ನಿನ ಮೇಲೆ ಬಾರಿಸುತ್ತಿದ್ದರು. ಬನಿಯನ್ನು ಹರಿದು ರಕ್ತ ಜಿನುಗುತ್ತಿತ್ತು. ಮಾಸ್ತರರು ತಡೆಯಹೋದರೆ ಏಟು ತಿನ್ನುತ್ತಿದ್ದವನೇ ಅವರಿಗೆ ಕೈ ಅಡ್ಡ ಹಿಡಿದ.

“ನೀವು ಸರೀರಿ ಸರ್. ಗಾಲಿಗೆ ಪಿನ್ನು ಹಾಕದ ಬಿಟ್ಟವ ನಾನು. ನೀವು ಕೂಡೋ ಜೀಪಿಂದ ಅದು.”

ಮಾಸ್ತರರು ಸರಿದು ನಿಂತರು. ಉಸ್ತಾದರು ಇನ್ನೂ ಮೂರು ಏಟು ಹಾಕಿ, ಬೆಲ್ಟನ್ನು ಬಿಸಾಡಿ, ಅವನಿಗೇ ಚಹಾ ತರಿಸಿಕೊಟ್ಟರು. ಆಮೇಲೆ ಪೀರಪ್ಪನ ಕೈಯಿಂದ ಹೋದ ಯಾವ ಗಾಡಿಯಲ್ಲಿಯೂ ಒಂದು ಪಿನ್ನು ಕಡಿಮೆಯಾದದ್ದಿಲ್ಲ.

ಪೀರಪ್ಪನ ಊರು ಹಿರೋಳ್ಳಿ. ಅವನ ಅಪ್ಪ ದತ್ತಪ್ಪ ದೌಲತರಾಯರ ಹೊಲದಲ್ಲಿ ಜೀವನವಿಡೀ ದುಡಿದವನು. ಊರ ಹೊರಗಿನ ಓಣಿಯ ಹುಡುಗ ನೇಗಿಲ ಬದಲು ನಟ್ಟು ಬಿಗಿಯುವ ಪಾನಾ ಹಿಡಿದದ್ದು ರಾಯರ ವಾಡೆಯ ಮನೆಯವರಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಆದರೆ ಕೆಲಸ ಅಂಥದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೂತನೆಂದರೆ ಒಳಗಿನ ರೋಗ ಅವನ ತಲೆಬುರುಡೆಗೆ ಬರುತ್ತಿತ್ತು. ಆಳಂದದಿಂದ ಅಫಜಲಪುರದವರೆಗೆ ಜೀಪಿನವರು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಉಸ್ತಾದರಿಗೆ ಕಣ್ಣು ಮಂಜಾದ ಮೇಲೆ ಗ್ಯಾರೇಜು ಅವನದೇ ಎಂಬಂತಾಯಿತು.

೧೯೯೪ರಲ್ಲಿ ದೌಲತರಾಯರು ಸೊಲ್ಲಾಪುರದಿಂದ ಹೊಸ ಗಾಡಿ ತಂದರು. ಹೆಸರು ‘ಡೋಂಗರ’, ಹತ್ತು ಸೀಟು, ಮನೆಮಂದಿಯೆಲ್ಲ ಕೂಡುವಂಥದು. ಓಡಿಸುವವನು ಮಗ ಜಗದೇವಪ್ಪ. ಡ್ರೈವರನ ಕೈಗೆ ಅದನ್ನು ಕೊಡಲು ಅವನಿಗೆ ಮನಸ್ಸಿರಲಿಲ್ಲ. ಮೂರು ತಿಂಗಳೊಳಗೆ ಗಾಡಿ ಒಂದೊಂದೇ ಗುಣ ತೋರಿಸತೊಡಗಿತು. ಹಿಂದಿನ ಬಾಗಿಲು ಕುಲುಕಿಗೆ ತಾನಾಗಿ ತೆರೆದುಕೊಳ್ಳುವುದು, ಎರಡನೆಯ ಗೇರು ಏರಿನಲ್ಲಿ ಜಾರಿ ಬೀಳುವುದು, ಬಿಸಿಲೇರಿದರೆ ರೇಡಿಯೇಟರು ಕುದಿಯುವುದು. ಪ್ರತಿಸಲವೂ ಸೊಲ್ಲಾಪುರಕ್ಕೆ ಹೋಗುವವರಾರು? ಪೀರಪ್ಪನ ಗ್ಯಾರೇಜಿಗೆ ತರುತ್ತಿದ್ದರು. ಎಲ್ಲವನ್ನೂ ಅವನು ತಕ್ಕಮಟ್ಟಿಗೆ ಹಾದಿಗೆ ತಂದ.

ಭಾದ್ರಪದದ ಒಂದು ಮುಂಜಾನೆ ಗಾಡಿಯ ಕೆಳಗೆ ಜಾರಿದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಂದಿನ ಎಡಗಾಲಿಗೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರಿನ ಪೈಪು ಒಂದು ತೆಳುವಾದ ಕ್ಲಿಪ್ಪಿನಲ್ಲಿ ನಿಂತಿತ್ತು. ಕ್ಲಿಪ್ಪು ಬಾಗಿ, ಸ್ಟೇರಿಂಗು ಪೂರ್ತಿ ತಿರುಗಿಸಿದಾಗ ಪೈಪು ಟೈರಿಗೆ ಉಜ್ಜುತ್ತಿತ್ತು. ಸಾಲದ್ದಕ್ಕೆ ಆ ಪೈಪಿಗೇ ತಂತಿ ಬಿಗಿದು ಒಂದು ಹಳೆಯ ಚಪ್ಪಲಿಯನ್ನು ತೂಗಬಿಟ್ಟಿದ್ದರು. ಹೊಸ ಗಾಡಿಗೆ ದೃಷ್ಟಿ ತಾಗದಿರಲೆಂದು ಮುಂದೆ ಚಪ್ಪಲಿ ಕಟ್ಟುವುದು ನಮ್ಮ ಕಡೆ ಇದ್ದದ್ದೇ. ಹಿಂದಿನ ಜೀಪುಗಳಿಗೆ ಕಬ್ಬಿಣದ ಬಂಪರಿರುತ್ತಿತ್ತು, ತೂತಿರುತ್ತಿತ್ತು. ಈ ಗಾಡಿಯ ಮುಂಭಾಗವೆಲ್ಲ ನುಣುಪಾದ ಪ್ಲಾಸ್ಟಿಕ್ಕು. ಕಟ್ಟಲು ಜಾಗ ಸಿಗದೆ ಜಗದೇವಪ್ಪ ಕೆಳಗೆ ಕೈಗೆ ಸಿಕ್ಕ ಪೈಪಿಗೆ ಕಟ್ಟಿದ್ದ. ಕುಲುಕಿದಾಗಲೆಲ್ಲ ಚಪ್ಪಲಿ ಜಗ್ಗಿ ಜಗ್ಗಿ ಪೈಪನ್ನು ಟೈರಿನ ಕಡೆಗೆ ಎಳೆಯುತ್ತಿತ್ತು.

ಪೀರಪ್ಪ ತಂತಿ ಕತ್ತರಿಸಿ ಚಪ್ಪಲಿಯನ್ನು ತೆಗೆದಿಟ್ಟ. ಪೈಪಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಇದು ನಾಲ್ಕು ದಿನದ ಮಾತು, ಸೊಲ್ಲಾಪುರಕ್ಕೆ ಒಯ್ದು ಪೈಪನ್ನೂ ಕ್ಲಿಪ್ಪನ್ನೂ ಬದಲಿಸಿಕೊಂಡು ಬರಬೇಕೆಂದು ಹೇಳಿದ. ಜಗದೇವಪ್ಪ ಕೇಳಿಸಿಕೊಂಡದ್ದು ಚಪ್ಪಲಿಯ ಸುದ್ದಿಯನ್ನು ಮಾತ್ರ. ಅದನ್ನು ಕಟ್ಟಿಸಿದವಳು ಅವನ ತಾಯಿ ಗುರುಶಾಂತಮ್ಮ.

“ನಮ್ಮವ್ವ ಕಟ್ಟಿಸಿದ್ದು ಬಿಚ್ಚಾಕ ನೀ ಯಾವನಲೇ?” ಎಂದು ಅಲ್ಲಿದ್ದವರೆದುರಿಗೇ ಕಪಾಳಕ್ಕೆ ಬಾರಿಸಿದ. ಪೀರಪ್ಪನ ತುಟಿ ಒಡೆಯಿತು. ಜಗದೇವಪ್ಪ ತಾನೇ ಕೆಳಗೆ ಬಾಗಿ ಚಪ್ಪಲಿಯನ್ನು ಅದೇ ಪೈಪಿಗೆ ಮತ್ತೆ ಕಟ್ಟಿ ಹೊರಟುಹೋದ.

ಅದಾಗಿ ಎರಡು ತಿಂಗಳು. ಕಾರ್ತಿಕದಲ್ಲಿ ಅಫಜಲಪುರದ ಬೀಗರ ಮನೆಯಿಂದ ತಾಯಿ ಮಗ ಇಬ್ಬರೇ ಮರಳುತ್ತಿದ್ದರು. ಇಳಿಜಾರಿನಲ್ಲಿ ನೆಲಕ್ಕೆ ಹಾಸುವ ಶಹಾಬಾದದ ಪರಸಿಗಲ್ಲು ಹೇರಿದ ಟ್ರಾಕ್ಟರು ಕೆಟ್ಟು ನಿಂತಿತ್ತು. ಜಗದೇವಪ್ಪ ಒತ್ತಿದ ಬ್ರೇಕು ನೆಲಕ್ಕೆ ಹೋಯಿತು. ಗಾಡಿ ಹೊಡೆದ ರಭಸಕ್ಕೆ ಟ್ರಾಲಿಯ ಕಲ್ಲುಗಳು ಗಾಜು ಒಡೆದುಕೊಂಡು ಒಳಗೆ ನುಗ್ಗಿದವು. ಗುರುಶಾಂತಮ್ಮನ ಎದೆಯ ಮೇಲಿನ ಕಲ್ಲನ್ನು ಎತ್ತಲು ನಾಲ್ಕು ಜನ ಬೇಕಾಯಿತು; ಎತ್ತುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಜಗದೇವಪ್ಪನ ಹಣೆಗೆ ಎಂಟು ಹೊಲಿಗೆ ಬಿದ್ದವು.

ಮೂರನೆಯ ದಿನ ಅವನು ಐದು ಜನರನ್ನು ಕಟ್ಟಿಕೊಂಡು ಗ್ಯಾರೇಜಿಗೆ ಬಂದ. ಮಾತಿಲ್ಲ, ಕತೆಯಿಲ್ಲ. ಇಬ್ಬರು ಪೀರಪ್ಪನ ಎದೆಯ ಮೇಲೆ ಕೂತರು. ಒಬ್ಬ ಸರಪಳಿಯಿಂದ ಮೊಣಕಾಲಿಗೆ ಹೊಡೆದ. ಆಮೇಲೆ ಎಳೆದೊಯ್ದು ಅವನ ಬಲಗೈಯನ್ನು ಮೇಜಿಗೆ ಬಿಗಿದಿದ್ದ ಕಬ್ಬಿಣದ ವೈಸಿನ ದವಡೆಯಲ್ಲಿಟ್ಟರು. ಅವನು ಇಪ್ಪತ್ತು ವರ್ಷ ಕೆಲಸ ಮಾಡಿದ ವೈಸು ಅದು. ಜಗದೇವಪ್ಪ ಅದರ ಹಿಡಿಕೆಯನ್ನು ತಾನೇ ತಿರುಗಿಸಿದ. ಪೀರಪ್ಪ ಎಲುಬಿನ ಸದ್ದುಗಳನ್ನು ಎಣಿಸಿದ. ನಾಲ್ಕರ ಮೇಲೆ ಅವನಿಗೆ ತಿಳಿಯಲಿಲ್ಲ. ಕಣ್ಣು ಕಾಣದ ಉಸ್ತಾದರು ಕೋಲು ಬೀಸುತ್ತ ಬಂದು ಯಾರಿಗೂ ತಾಗದೆ ತಾವೇ ಎಡವಿ ಬಿದ್ದರು.

ಅಷ್ಟಕ್ಕೆ ಮುಗಿಯಲಿಲ್ಲ. ಕಪಾಳಕ್ಕೆ ಹೊಡೆದ ಸಿಟ್ಟಿಗೆ ಪೀರಪ್ಪನೇ ಪೈಪು ಕೊಯ್ದು ಬಿಟ್ಟನೆಂದು ಪೊಲೀಸರಲ್ಲಿ ದೂರು ಹೋಯಿತು. ಪೈಪಿನ ಮೇಲೆ ಸುತ್ತಿದ್ದ ಸೈಕಲ್ ಟ್ಯೂಬೇ ಸಾಕ್ಷಿ. ಕೊಯ್ದದ್ದು ಕಾಣದಿರಲೆಂದು ಪಟ್ಟಿ ಸುತ್ತಿದ್ದಾನೆಂದರು. ಹನ್ನೊಂದು ದಿನ ಲಾಕಪ್ಪಿನಲ್ಲಿ ಅವನ ಅಂಗಾಲಿಗೆ ಲಾಠಿ ಬಿತ್ತು. ಉಸ್ತಾದರು ಜಾಮೀನು ಕೊಟ್ಟು ಬಿಡಿಸಿ ತಂದಾಗ ಅವನ ಬಲಗೈ ಬಾತು ಕಪ್ಪಗಾಗಿತ್ತು. ಗುಲಬರ್ಗಾದಲ್ಲಿ ಎರಡು ಬೆರಳು ತೆಗೆದರು. ಉಳಿದ ಮೂರು ಮಡಚುವಂತಿರಲಿಲ್ಲ.

ಆಳಂದದ ಮನೆಗೆ ಬಂದವನು ಹಿತ್ತಿಲಲ್ಲಿ ಕೂತು ಟೈರು ಬಿಚ್ಚುವ ಕಬ್ಬಿಣದ ಲಿವರನ್ನು ಎಡಗೈಯಲ್ಲಿ ಹಿಡಿದು ಬೇವಿನ ಮರಕ್ಕೆ ಹೊಡೆಯುವುದನ್ನು ರೂಢಿ ಮಾಡಿದ. ಮೊದಲು ಗುರಿ ತಪ್ಪುತ್ತಿತ್ತು. ವಾರದೊಳಗೆ ತೊಗಟೆ ಸುಲಿದು ಮರದ ಬಿಳಿ ಕಂಡಿತು. ಹೆಂಡತಿ ಮಲ್ಕಮ್ಮನಿಗೆ ಇದು ಯಾರ ತಲೆಗೆಂದು ಕೇಳಬೇಕಾಗಿರಲಿಲ್ಲ. ಒಂದು ದಿನ ಲಿವರನ್ನು ಬಾವಿಗೆ ಎಸೆದಳು. ಮರುದಿನ ಅವನು ಇನ್ನೊಂದು ತಂದ.

“ಕೊಲ್ಲು. ನಿನ್ನ ಗಲ್ಲಿಗೆ ಹಾಕಿದ ಮ್ಯಾಲ ಪೀರಪ್ಪನೇ ಪೈಪು ಕೊಯ್ದಿದ್ದ, ಖರೇ ಅಂತಾರ ಮಂದಿ. ಅದೂ ಕೇಳ್ಕೋತ ನಾ ಇರ್ತೇನಿ” ಎಂದಳು.

ಅವನ ಕೈ ನಿಲ್ಲಲಿಲ್ಲ.

ಆ ದಿನಗಳಲ್ಲೇ ದೌಲತರಾಯರು ವಿಮೆಯ ಕಾಗದ ಓದಿಸಲು ಶಿವರಾಯ ಮಾಸ್ತರರನ್ನು ವಾಡೆಗೆ ಕರೆಸಿದರು. ಗಾಡಿಯ ಕಾಗದಗಳೆಲ್ಲ ದೇವರ ಜಗಲಿಯ ಮೇಲಿದ್ದವು. ದಸರೆಯಲ್ಲಿ ಗಾಡಿಯೊಡನೆ ಅದರ ಕಾಗದಗಳಿಗೂ ಪೂಜೆ ಮಾಡುವುದು ಆ ಮನೆಯ ಪದ್ಧತಿ. ಕಟ್ಟಿನಲ್ಲಿ ಕಂಪನಿಯ ಮುದ್ರೆಯಿದ್ದ ಒಂದು ಉದ್ದನೆಯ ಲಕೋಟೆಯೂ ಇತ್ತು. ಮೇಲೆ ಕುಂಕುಮ, ಅರಿಸಿನ, ಒಣಗಿ ಅಂಟಿದ ಅಕ್ಷತೆ. ದಸರೆಗೆ ಹದಿನೈದು ದಿನ ಮುಂಚೆ ರಿಜಿಸ್ಟರ್ ಟಪಾಲಿನಲ್ಲಿ ಬಂದದ್ದು. ಹೊಸ ಗಾಡಿಗೆ ಕಂಪನಿಯವರ ಶುಭಪತ್ರವೆಂದು ತಿಳಿದು ಗುರುಶಾಂತಮ್ಮ ಒಡೆಯಗೊಡದೆ ಪೂಜೆಗಿಟ್ಟಿದ್ದಳು.

ಮಾಸ್ತರರು ಒಡೆದರು. ಇಂಗ್ಲಿಷು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ಈ ನಮೂನೆಯ ಗಾಡಿಗಳ ಮುಂದಿನ ಎಡಗಾಲಿಯ ಬ್ರೇಕ್ ಪೈಪಿನ ಕ್ಲಿಪ್ಪು ದುರ್ಬಲವಾಗಿದೆ. ಪೈಪು ಟೈರಿಗೆ ತಾಗಿ ಹರಿಯಬಹುದು. ಗಾಡಿಯನ್ನು ಕೂಡಲೇ ಮಾರಾಟಗಾರರಲ್ಲಿಗೆ ತರಬೇಕು. ಪುಕ್ಕಟೆ ಬದಲಿಸಿ ಕೊಡುತ್ತೇವೆ. ದೌಲತರಾಯರು ಗೋಡೆಗೆ ಒರಗಿದರು. ಪೀರಪ್ಪ ಹೇಳಿದ್ದೂ ಇದೇ ಅಲ್ಲವೇ ಎಂದು ಮಾಸ್ತರರು ಕೇಳಿದರು. ರಾಯರು, ಅದನ್ನು ಮಡಚಿ ಜಗಲಿಯ ಮೇಲೆ ಇಡಿರಿ, ಹೊರಗೆ ಮಾತಾಡಬೇಡಿರಿ ಎಂದಷ್ಟೇ ಹೇಳಿದರು. ಬಾಗಿಲ ಹಿಂದೆ ಸೊಸೆ ಕಸ್ತೂರಿಬಾಯಿ ಕೂಸನ್ನೆತ್ತಿಕೊಂಡು ನಿಂತಿದ್ದಳು.

ಮಾಸ್ತರರು ಮರುದಿನ ಬೆಳಿಗ್ಗೆಯೇ ಆಳಂದಕ್ಕೆ ಹೋಗಿ ಪೀರಪ್ಪನಿಗೆ ಎಲ್ಲವನ್ನೂ ಹೇಳಿದರು. ವಕೀಲರ ಮೂಲಕ ಆ ಕಾಗದ ತರಿಸೋಣವೆಂದರು. ಅವನು ಎದ್ದು ಲಿವರು ಹಿಡಿದು ಹಿರೋಳ್ಳಿಯ ಬಸ್ಸು ಹತ್ತಿದ. ಕಾಗದ ಸಿಕ್ಕರೆ ತನ್ನ ಮೇಲಿನ ಕೊಲೆಯ ಕಳಂಕ ಹೋಗುತ್ತದೆ. ಜಗದೇವಪ್ಪ ಸಿಕ್ಕರೆ ನಿಜವಾಗಿಯೂ ಕೊಲೆಯಾಗುತ್ತದೆ. ಎರಡರಲ್ಲಿ ಯಾವುದಕ್ಕಾಗಿ ಹೊರಟಿದ್ದೇನೆಂಬುದು ಬಸ್ಸಿಳಿಯುವವರೆಗೂ ಅವನಿಗೇ ಗೊತ್ತಿರಲಿಲ್ಲ.

ವಾಡೆಯ ಮುಂದೆ ಅದೇ ಗಾಡಿ ನಿಂತಿತ್ತು. ತಗಡು ಬಡಿದು, ಬಣ್ಣ ಬಳಿದು, ಹೊಸ ಗಾಜು ಹಾಕಿ ಹಿಂದಿನ ಸಂಜೆಯಷ್ಟೇ ತಂದಿದ್ದರು. ಇಂಜಿನ್ನು ಚಾಲೂ ಇತ್ತು. ರಿಪೇರಿಯಲ್ಲಿ ಅದೆಲ್ಲ ಸರಿಯಾಗಿರಬೇಕೆಂದು ನಂಬಿ ಕಸ್ತೂರಿಬಾಯಿ ಕೂಸಿನೊಡನೆ ಮುಂದಿನ ಸೀಟಿನಲ್ಲಿ ಕೂತಿದ್ದಳು. ಪೀರಪ್ಪ ಕಟ್ಟೆಯ ಬಳಿ ಬಗ್ಗಿ ನೋಡಿದ. ಪೈಪು ಹೊಸದು, ಕ್ಲಿಪ್ಪು ಅದೇ ಹಳೆಯದು, ಬಾಗಿದ್ದು. ತಗಡು ಬಡಿಯುವವರಿಗೆ ಕಂಪನಿಯ ಕಾಗದದ ಸುದ್ದಿಯೇ ಗೊತ್ತಿಲ್ಲ. ಸುಮ್ಮನೆ ಹಿಂದಿರುಗಿ ಹೋಗಿದ್ದರೂ ಆಗುತ್ತಿತ್ತು. ಜಗದೇವಪ್ಪನನ್ನು ಆ ಗಾಡಿಯೇ ಕೊಲ್ಲುತ್ತಿತ್ತು.

ಅವನು ಅಂಗಾತ ಬಿದ್ದು ಗಾಡಿಯ ಕೆಳಗೆ ಜಾರಿದ. ಕೂಸು ಕೂತ ಗಾಡಿ ಅಲ್ಲಿಂದ ಕದಲದಿರಲೆಂದು ಎಡಗೈಯಲ್ಲಿ ಲಿವರನ್ನು ಪೈಪಿಗೆ ಸಿಕ್ಕಿಸಿ ಕಾಲೂರಿ ಎಳೆದ. ಪೈಪು ಕಿತ್ತು ಎಣ್ಣೆ ಮುಖಕ್ಕೆ ಚಿಮ್ಮಿತು. ಅಷ್ಟರಲ್ಲಿ ಜಗದೇವಪ್ಪ ಅವನ ಕಾಲು ಹಿಡಿದು ಹೊರಗೆಳೆದು ಬಾರಕೋಲಿನಿಂದ ಮುಖದ ಮೇಲೆ, ಕೊರಳ ಮೇಲೆ ಹೊಡೆದ. ಪೀರಪ್ಪ ಹೊಡೆತದ ನಡುವೆಯೇ ಎದ್ದ. ಲಿವರನ್ನು ಬೀಸಿದ. ತಲೆಗೆ ಬೀಳಬೇಕಾದದ್ದು ಕೊನೆಯ ಗಳಿಗೆಯಲ್ಲಿ ಹೆಗಲಿಗೆ ಬಿತ್ತು. ಕೊರಳೆಲುಬು ಮುರಿದ ಸದ್ದು ಕಟ್ಟೆಯವರೆಗೆ ಕೇಳಿಸಿತು. ಜಗದೇವಪ್ಪ ಮಣ್ಣಿನಲ್ಲಿ ಹೊರಳಿದ. ಪೀರಪ್ಪ ಅವನೆದೆಯ ಮೇಲೆ ಮೊಣಕಾಲೂರಿ ಲಿವರನ್ನು ಮತ್ತೆ ಎತ್ತಿದ.

“ಕ್ಲಿಪ್ಪು ಅದೇ ಹಳೇದೈತಿ. ಕಂಪನಿ ಕಾಗದ ತಾ. ಇಲ್ಲಂದ್ರ ಈಗ ತಲಿಗೇ ಹಾಕ್ತೇನಿ.”

ಕಟ್ಟೆಯ ಮೇಲೆ ನಿಂತಿದ್ದ ದೌಲತರಾಯರು ಯಾವ ಕಾಗದವೂ ಇಲ್ಲವೆಂದರು. ಮಗನ ಪ್ರಾಣ ಲಿವರಿನ ಕೆಳಗಿದ್ದಾಗಲೂ ಇಲ್ಲವೆಂದೇ ಹೇಳಿದರು. ಕಸ್ತೂರಿಬಾಯಿ ಗಾಡಿಯಿಂದಿಳಿದು ಒಳಗೆ ಹೋದಳು. ಲಕೋಟೆಯೊಡನೆ ಬಂದು ಅದನ್ನು ಪೀರಪ್ಪನ ಮಡಚದ ಕೈಯ ಮೇಲಿಟ್ಟಳು. ಮಾವನವರು ಅಡ್ಡ ಬಂದರು.

“ನನ್ನ ಕೂಸು ಕುಂತಿತ್ತರಿ ಮಾಮಾ ಈ ಗಾಡ್ಯಾಗ” ಎಂದಳು. ಅವರು ಹಿಂದೆ ಸರಿದರು.

ಪೀರಪ್ಪನ ಎತ್ತಿದ ಕೈ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಲಿವರನ್ನು ಕಟ್ಟೆಯ ಮೇಲಿಟ್ಟು, ಲಕೋಟೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಾನಾಗಿಯೇ ಪೊಲೀಸ್ ಠಾಣೆಗೆ ನಡೆದ.

ಕೋರ್ಟಿನಲ್ಲಿ ಮಾಸ್ತರರು ಆ ಪತ್ರವನ್ನು ಮತ್ತೊಮ್ಮೆ ಓದಿ ಹೇಳಿದರು. ಪೈಪು ಕೊಯ್ದ ಆರೋಪ ಬಿದ್ದುಹೋಯಿತು. ಕೊರಳೆಲುಬು ಮುರಿದ ಬಗ್ಗೆ ಕೇಳಿದಾಗ ವಕೀಲರು ಕಣ್ಸನ್ನೆ ಮಾಡಿದರೂ ಪೀರಪ್ಪ ಸುಳ್ಳು ಹೇಳಲಿಲ್ಲ. “ಹೊಡದೇನಿ ಸಾಹೇಬ್ರ. ಮೊದಲಿನ ಪೈಪು ಮಾತ್ರ ನಾ ಕೊಯ್ದಿಲ್ಲ” ಎಂದ. ಎಂಟು ತಿಂಗಳು ಜೈಲಾಯಿತು. ಅವನ ಕೈ ಮುರಿದವರಿಗೆ ಏನೂ ಆಗಲಿಲ್ಲ. ನೋಡಿದೆವೆಂದು ಹೇಳಲು ಉಸ್ತಾದರ ಹೊರತು ಯಾರೂ ಬರಲಿಲ್ಲ, ಉಸ್ತಾದರಿಗೆ ಕಣ್ಣಿರಲಿಲ್ಲ.

ಜೈಲಿನಿಂದ ಬಂದ ಮೇಲೆ ಪೀರಪ್ಪ ಆಳಂದದಲ್ಲಿ ನಿಲ್ಲಲಿಲ್ಲ. ಈಗ ಜೇವರ್ಗಿಯಲ್ಲಿ, ಗುಲಬರ್ಗಾ ರಸ್ತೆಯ ಅಂಚಿನಲ್ಲಿ ಅವನದೊಂದು ತಗಡಿನ ಶೆಡ್ಡಿದೆ. ಗಾಡಿ ಬಂದರೆ ಕೆಳಗೆ ಜಾರುವವಳು ಮಲ್ಕಮ್ಮ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಪಾನಾ ಹಿಡಿದು. ಪೀರಪ್ಪ ಸ್ಟೂಲಿನ ಮೇಲೆ ಕೂತು ಸ್ಕ್ರೂಡ್ರೈವರು ಕಚ್ಚಿ ಕೇಳುತ್ತಾನೆ, ಯಾವುದನ್ನು ಬಿಚ್ಚಬೇಕೆಂದು ಹೇಳುತ್ತಾನೆ. ಹೆಂಗಸು ಬಿಗಿದ ನಟ್ಟು ನಿಂತೀತೇ ಎಂದು ನಕ್ಕವರ ಗಾಡಿಯನ್ನು ಮುಟ್ಟದೆ ಕಳಿಸುತ್ತಾನೆ. ಯಾರಾದರೂ ಚಪ್ಪಲಿ ಕಟ್ಟಿಕೊಂಡು ಬಂದರೆ ಬೇಡವೆನ್ನುವುದಿಲ್ಲ. ಅದಕ್ಕೆಂದೇ ಒಂದು ಕಬ್ಬಿಣದ ಕೊಂಡಿ ಮಾಡಿಸಿ ಪುಕ್ಕಟೆ ಹಾಕಿಕೊಡುತ್ತಾನೆ.

ಮೊನ್ನೆ ಮಾಸ್ತರರು ಹೋದಾಗ ಮಲ್ಕಮ್ಮ ಒಂದು ಜೀಪಿನ ಕೆಳಗಿದ್ದಳು. ಇನ್ನೂ ಅರ್ಧ ಸುತ್ತು ಬಿಗಿಯೆಂದು ಪೀರಪ್ಪ ಮೇಲಿನಿಂದ ಹೇಳುತ್ತಿದ್ದ.

“ಬಿಗದೇನಿ. ನೀ ಬಾಯಿ ಬಿಗಿ” ಎಂದು ಕೆಳಗಿನಿಂದ ಉತ್ತರ ಬಂತು.

ಅವನು ನಕ್ಕು, ಸರಿದು ಕೂತು, ಮಾಸ್ತರರಿಗೆ ಸ್ಟೂಲಿನಲ್ಲಿ ಜಾಗ ಮಾಡಿಕೊಟ್ಟ.