ಕುರಿ ಹಿಡಿಯುವುದನ್ನು ಕಲಿಸಿದ ಮಾವ

ಎಪ್ಪತ್ತರ ದಶಕದ ಕೊನೆಯಲ್ಲಿ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದೆ. ರೋಗದ ವಿರುದ್ಧ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳ ಆಕಾರವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಅದಕ್ಕೆ ಚುಚ್ಚುಮದ್ದು ಕೊಟ್ಟ ಕುರಿಯ ರಕ್ತ ಬೇಕು. ಮೂವರು ಹಿಡಿದರೂ ಕುರಿ ಒದ್ದಾಡುತ್ತಿತ್ತು. ಸೂಜಿ ಅಲುಗಾಡಿ, ರಕ್ತಕಣ ಒಡೆದು, ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ಉಳಿಯಬೇಕಾದ ಸೀರಂ ಕೆಂಪಾಗುತ್ತಿತ್ತು.

"ಕುರಿ ಕಾಯುವ ಮನೆಯವಳಲ್ಲವೇ ನೀನು?" ಎಂದು ಜೊತೆಯವರು ನಕ್ಕರು. ನಿಜವೇ. ಆದರೆ ರಾಯಚೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದ ಸೋದರಮಾವ ನನ್ನನ್ನು ಹಿಂಡಿನ ಹತ್ತಿರ ಬಿಟ್ಟವನೇ ಅಲ್ಲ.

ರಜೆಗೆ ಊರು ದೇವದುರ್ಗಕ್ಕೆ ಹೋದಾಗ, ಕುರಿ ಹಿಡಿಯುವುದು ಹೇಗೆಂದು ಮಾವನನ್ನು ನಾಚಿಕೊಂಡೇ ಕೇಳಿದೆ.

"ಒಂದೇ ಕುರಿ ಒಯ್ದು ನಿಂದ್ರಸ್ತೀರೇನು?" ಅಂದ ಮಾವ.

"ಹೌದು ಮಾವ."

"ಅದಕ್ಕೇ ಅಂಜತದ. ಜೋಡಿಗೆ ಇನ್ನೊಂದು ಇರಲಿ. ಉಣ್ಣೆ ಹಿಡದು ಎಳೀಬ್ಯಾಡ್ರಿ, ನೋಯ್ತದ. ಇಲ್ಲಿ ಬಾ ಯವ್ವಾ."

ನನ್ನ ಅಂಗೈಯನ್ನು ಕುರಿಯ ಗದ್ದದ ಕೆಳಗೆ ಇಡಿಸಿದ. ಅದನ್ನು ಗೋಡೆಗೆ ಒರಗಿಸಿ, ಮೊಣಕಾಲು ಆನಿಸಿ ನಿಲ್ಲುವುದನ್ನು ತೋರಿಸಿದ. ಮೂರು ದಿನ ಅದೇ ಪಾಠ.

ಮರಳಿ ಹೋಗಿ ಹಾಗೆಯೇ ಮಾಡಿದೆ. ಪಕ್ಕದಲ್ಲಿ ಇನ್ನೊಂದು ಕುರಿಯಿತ್ತು. ನಾನು ಹಿಡಿದದ್ದು ಸುಮ್ಮನೆ ನಿಂತಿತು. ಮರುದಿನ ಸೀರಂ ಒಣಗಿದ ಜೋಳದ ದಂಟಿನ ಬಣ್ಣಕ್ಕೆ ತಿಳಿಯಾಗಿತ್ತು. ಪ್ರತಿಕಾಯಗಳನ್ನು ಬೇರ್ಪಡಿಸಿ, ಸಣ್ಣ ತಾಮ್ರದ ಜಾಲರಿಯ ಮೇಲಿಟ್ಟು ನೋಡುವ ಹೊತ್ತಿಗೆ ವರ್ಷವೇ ಕಳೆಯಿತು. ಕೊನೆಗೆ ಕಪ್ಪು ಹಿನ್ನೆಲೆಯಲ್ಲಿ ಬಿಳಿಯ ಕವಲುಗಳು ಕಂಡವು: ಒಂದು ಕಾಂಡ, ಎರಡು ತೋಳು. ಆ ತೋಳುಗಳ ತುದಿಯಿಂದಲೇ ಅವು ರೋಗದ ಕಣವನ್ನು ಹಿಡಿಯುವುದು. ಓದಿದ್ದನ್ನು ಈಗ ಕಣ್ಣಾರೆ ಕಂಡೆ.

ಆ ಚಿತ್ರದ ಒಂದು ಪ್ರತಿ ಹಿಡಿದುಕೊಂಡು ಊರಿಗೆ ಹೊರಟೆ. ಮಾವ ಆಗ ಮಾನ್ವಿಯ ಹತ್ತಿರ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿದ್ದ. ಬಸ್ಸಿಳಿದು ಅಲ್ಲಿಗೇ ಹೋದೆ. ಧೋತರಕ್ಕೆ ಕೈ ಒರೆಸಿಕೊಂಡು ಚಿತ್ರದ ಅಂಚು ಹಿಡಿದ.

"ಇದು ಕುರಿ ಮೈಯಾಗ ಇರ್ತದೇನು?"

"ನಮ್ಮ ಮೈಯಾಗೂ ಅದ, ಮಾವ."

ಬಹಳ ಹೊತ್ತು ನೋಡಿದ. "ಆ ಕುರಿ ಇನ್ನಾ ಅದನ?"

"ಅದ. ಮರಿ ಹಾಕ್ಯಾದ."

"ಛಲೋ ಆತು" ಅಂದ. ಕುರಿಯನ್ನು ಅಷ್ಟು ಬಳಸಿಕೊಂಡ ನಮ್ಮಲ್ಲಿ ಯಾರೂ ಅದರ ಕ್ಷೇಮ ವಿಚಾರಿಸಿರಲಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಪ್ರಬಂಧ ಮುಗಿಯಿತು. ಕರಡಿನ ಕೃತಜ್ಞತೆಯ ಪುಟದಲ್ಲಿ ಸಂಶೋಧನೆಗೆ ಮಾರ್ಗದರ್ಶನ ಮಾಡಿದ ಗುರುಗಳ ಹೆಸರಿನ ಕೆಳಗೆ ಮಾವನ ಹೆಸರು ಬರೆದಿದ್ದೆ. ಯಾರಿವರು ಎಂದು ಗುರುಗಳು ಕೇಳಿದರು. ಹೇಳಿದೆ. ಅವರು ಪೆನ್ನು ತೆಗೆದು, ಮಾವನ ಹೆಸರನ್ನು ತಮ್ಮ ಹೆಸರಿನ ಮೇಲಕ್ಕೆ ಒಯ್ಯುವಂತೆ ಬಾಣದ ಗುರುತು ಹಾಕಿದರು.